ಹೋಗುವ ನೀರಿನ ಜಾಡು ಹಿಡಿದು: ಮುದ್ದೇನಹಳ್ಳಿಯಿಂದ ಕೆಜಿಎಫ್‌ವರೆಗೆ ಮೂರು ದಿನ

ತುಮಕೂರಿನಲ್ಲಿ ಇಪ್ಪತ್ತಾರು ವರ್ಷ ಪ್ಲಂಬರ್ ಟ್ರೇಡ್ ಕಲಿಸಿ ನಿವೃತ್ತನಾದ ನನಗೆ ಯಾವ ಊರಿಗೆ ಹೋದರೂ ಗೋಪುರಕ್ಕಿಂತ ಮೊದಲು ಗೋಡೆಯ ಹಿಂಬದಿಯ ಪೈಪು ಕಣ್ಣಿಗೆ ಬೀಳುತ್ತದೆ. ಮನೆಯವರು ನನ್ನೊಡನೆ ಪ್ರವಾಸಕ್ಕೆ ಬರುವುದನ್ನು ಬಿಟ್ಟು ಬಹಳ ಕಾಲವಾಯಿತು. ಕೆರೆ ಕಟ್ಟಿಸಿದವರು, ಬಾವಿ ತೋಡಿಸಿದವರು, ಅರವಟ್ಟಿಗೆ ಇಟ್ಟವರು ಎಂದು ನೀರು ತಂದವರ ಬಗ್ಗೆ ನಮ್ಮ ನಾಡಿನಲ್ಲಿ ಊರಿಗೊಂದು ಶಾಸನವಿದೆ. ಬಳಸಿದ ಮೇಲೆ ಆ ನೀರು ಎಲ್ಲಿಗೆ ಹೋಯಿತು, ಅದನ್ನು ಯಾರು ಸಾಗಿಸಿದರು ಎಂಬುದನ್ನು ಮಾತ್ರ ಯಾರೂ ಕಲ್ಲಿನಲ್ಲಿ ಕೊರೆಸಿದಂತೆ ಕಾಣೆ. ಆ ಎರಡನೆಯ ದಾರಿಯನ್ನೇ ಹಿಡಿದು ಒಮ್ಮೆ ತಿರುಗಬೇಕೆಂದು ಬಹುದಿನದಿಂದ ಇದ್ದ ಆಸೆಯನ್ನು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಹೇಳಿದಾಗ, ಈಗ ಪ್ಲಂಬಿಂಗ್ ಗುತ್ತಿಗೆದಾರನಾಗಿರುವ ಅವನು, "ಕಾರು ನಂದು, ಡೀಸೆಲ್ ನಿಮ್ದು ಸಾರ್" ಎಂದು ಒಂದೇ ಮಾತಿನಲ್ಲಿ ಹೊರಟು ನಿಂತ.

ಮೊದಲ ದಿನ: ಮುದ್ದೇನಹಳ್ಳಿ, ನಂದಿ, ಚಿಕ್ಕಬಳ್ಳಾಪುರ

ಬೆಳಗಿನ ಆರು ಗಂಟೆಗೆ ಹೊರಟು ದಾಬಸ್‌ಪೇಟೆ, ದೊಡ್ಡಬಳ್ಳಾಪುರಗಳನ್ನು ದಾಟಿ ದೇವನಹಳ್ಳಿಗೆ ಬರುವಷ್ಟರಲ್ಲಿ ಬಿಸಿಲೇರಿತ್ತು. ದೇವನಹಳ್ಳಿಯ ಕೋಟೆಯನ್ನು ನೋಡಲು ಜನ ನಿಲ್ಲುತ್ತಾರೆ. ನಾವು ನಿಂತದ್ದು ಒಂದು ಟೀ ಅಂಗಡಿಯಲ್ಲಿ, ನೆನೆಸಿಕೊಂಡದ್ದು ಊರಿನ ಮಲತ್ಯಾಜ್ಯ ಸಂಸ್ಕರಣಾ ಘಟಕವನ್ನು. ಒಳಚರಂಡಿ ಜಾಲವಿಲ್ಲದ ಊರಿನಲ್ಲಿ ಸಕ್ಕಿಂಗ್ ಗಾಡಿಗಳು ಗುಂಡಿಗಳಿಂದ ಹೀರಿ ತಂದದ್ದನ್ನು ಒಂದೆಡೆ ಸಂಸ್ಕರಿಸಿ ಗೊಬ್ಬರ ಮಾಡುವ ಈ ವ್ಯವಸ್ಥೆ 2015ರಲ್ಲಿ ಆರಂಭವಾದಾಗ ದೇಶದಲ್ಲೇ ಮೊದಲನೆಯದೆಂದು ಹೆಸರಾಯಿತು. ಅದಕ್ಕೆ ಮುಂಚೆ ಆ ಗಾಡಿಗಳು ಕತ್ತಲಾದ ಮೇಲೆ ಎಲ್ಲಿ ಖಾಲಿಯಾಗುತ್ತಿದ್ದವು ಎಂಬುದನ್ನು ಯಾವ ಊರಿನವರೂ ಬಾಯಿಬಿಟ್ಟು ಹೇಳುವುದಿಲ್ಲ.

ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರು ಹುಟ್ಟಿದ ಮನೆ ಈಗ ವಸ್ತುಸಂಗ್ರಹಾಲಯ. ಅವರು ಬಳಸಿದ ಕನ್ನಡಕ, ಲೇಖನಿ, ಪದವಿ ಪತ್ರಗಳು, ಕನ್ನಂಬಾಡಿ ಕಟ್ಟೆಯ ಮಾದರಿ ಎಲ್ಲವನ್ನೂ ಅಚ್ಚುಕಟ್ಟಾಗಿ ಇಟ್ಟಿದ್ದಾರೆ. ಶಾಲಾ ಮಕ್ಕಳ ಸಾಲೊಂದು ನಮ್ಮ ಮುಂದೆ ಇತ್ತು. ಅವರ ಮೇಷ್ಟ್ರು ಕಟ್ಟೆಯ ಮಾದರಿಯ ಮುಂದೆ ನಿಂತು ವಿವರಿಸುತ್ತಿದ್ದರು. ನನಗೆ ಬೇಕಾಗಿದ್ದ ವಿಶ್ವೇಶ್ವರಯ್ಯ ಬೇರೆ. 1884ರಲ್ಲಿ ಬೊಂಬಾಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸೇರಿ, ಅಲ್ಲಿಯ ಸ್ಯಾನಿಟರಿ ಎಂಜಿನಿಯರ್ ಹುದ್ದೆಯವರೆಗೆ ಏರಿದ ಈ ಮನುಷ್ಯ, ಮೈಸೂರಿಗೆ ಬರುವ ಮುನ್ನ ತಮ್ಮ ಪ್ರಾಯದ ಹಲವು ವರ್ಷಗಳನ್ನು ಪಟ್ಟಣಗಳ ಕುಡಿಯುವ ನೀರು ಮತ್ತು ಚರಂಡಿಗಾಗಿ ಕಳೆದವರೆಂಬುದು ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಸಾಲಿಗೂ ಬಾರದ ಸಂಗತಿ.

ಸಿಂಧ್ ಪ್ರಾಂತ್ಯದ ಸಕ್ಕರ್ ಪಟ್ಟಣದ ಕೆಲಸವನ್ನು ನಾನು ಪ್ರತಿವರ್ಷವೂ ತರಗತಿಯಲ್ಲಿ ಹೇಳುತ್ತಿದ್ದೆ. ಸಿಂಧೂ ನದಿ ಊರ ಮುಂದೆಯೇ ಹರಿಯುತ್ತಿದ್ದರೂ ನೀರೆಲ್ಲ ಕೆಸರು; ಸೋಸುವ ತೊಟ್ಟಿಗಳನ್ನು ಕಟ್ಟಲು ಪುರಸಭೆಯ ಬಳಿ ಹಣವಿಲ್ಲ. ಆಗ ಅವರು ನದಿಯ ಪಾತ್ರದಲ್ಲೇ ದುಂಡನೆಯ ಬಾವಿ ತೋಡಿಸಿ, ಮರಳಿನ ಪದರಗಳ ಮೂಲಕ ತಾನಾಗಿ ಜಿನುಗಿ ತಿಳಿಯಾದ ನೀರನ್ನು ಸುರಂಗದಿಂದ ಎಳೆದು ಊರಿಗೆ ಪಂಪು ಮಾಡಿಸಿದರು. ಬೇಸಿಗೆಯಲ್ಲಿ ಹೊಳೆಯ ಮರಳಿನಲ್ಲಿ ವರ್ತಿ ತೋಡಿ ನೀರು ಮೊಗೆಯುವ ನಮ್ಮ ಹೆಂಗಸರಿಗೆ ಈ ಉಪಾಯ ಹೊಸದಲ್ಲ. 1906ರಲ್ಲಿ ಏಡನ್ ಬಂದರಿಗೆ ಹೋಗಿ ಅಲ್ಲಿಯ ನೀರು ಮತ್ತು ಚರಂಡಿಯ ಯೋಜನೆ ರೂಪಿಸಿದರು. 1908ರ ಮೂಸಿ ನದಿಯ ಪ್ರವಾಹ ಹೈದರಾಬಾದನ್ನು ಕೊಚ್ಚಿದಾಗ ನಿಜಾಮರ ಸರ್ಕಾರ ಇವರನ್ನೇ ಕರೆಸಿತು. ಪ್ರವಾಹ ತಡೆಯುವ ಜಲಾಶಯಗಳ ಜೊತೆಗೆ ನಗರದ ಒಳಚರಂಡಿಯ ನಕ್ಷೆಯನ್ನೂ ಇವರು ಹಾಕಿಕೊಟ್ಟರು. ಕಟ್ಟೆ ಎಲ್ಲರ ಕಣ್ಣಿಗೂ ಕಾಣುತ್ತದೆ. ಚರಂಡಿ ನೆಲದಡಿಗೆ ಹೋಗುತ್ತದೆ, ಅದರೊಡನೆ ಅದನ್ನು ಹಾಕಿದವನ ಹೆಸರೂ ಹೋಗುತ್ತದೆ. ಚರಂಡಿಯ ಮಾದರಿಯೊಂದು ಎಲ್ಲಾದರೂ ಇದೆಯೇ ಎಂದು ಎರಡು ಸುತ್ತು ಹಾಕಿದೆ, ನನ್ನ ಕಣ್ಣಿಗೆ ಬೀಳಲಿಲ್ಲ.

ಮಧ್ಯಾಹ್ನ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯಕ್ಕೆ ಹೋದೆವು. ಒಂಬತ್ತನೆಯ ಶತಮಾನದಷ್ಟು ಹಿಂದಕ್ಕೆ ಹೋಗುವ ಗುಡಿಯ ಶೃಂಗಿ ತೀರ್ಥದ ಮೆಟ್ಟಿಲುಗಳ ಮೇಲೆ ಕುಳಿತು ಬುತ್ತಿ ಬಿಚ್ಚುವ ಮನಸ್ಸಾಯಿತಾದರೂ, ಕೈ ತೊಳೆದ ನೀರು ಎಲ್ಲಿಗೆ ಹೋಗುತ್ತದೆಂದು ಶಿಷ್ಯ ಕೇಳಿದ್ದರಿಂದ ಹೊರಗೆ ಹುಣಸೆಮರದ ನೆರಳಿಗೆ ಹೋದೆವು. ಸಂಜೆ ಚಿಕ್ಕಬಳ್ಳಾಪುರದ ಕಂದವಾರ ಕೆರೆಯ ಏರಿಯ ಮೇಲೆ ನಡೆದೆವು. ಬೆಂಗಳೂರಿನ ಹೆಬ್ಬಾಳ ಮತ್ತು ನಾಗವಾರ ಕಣಿವೆಗಳ ಸಂಸ್ಕರಿಸಿದ ಕೊಳಚೆ ನೀರು ಬರುವ ಎಚ್.ಎನ್. ವ್ಯಾಲಿ ಯೋಜನೆಯ ಕೆರೆಗಳಲ್ಲಿ ಇದೂ ಒಂದು. ದಿನಕ್ಕೆ 21 ಕೋಟಿ ಲೀಟರ್ ಹರಿಸುವುದು ಆ ಯೋಜನೆಯ ಗುರಿ. ನೀರಿನ ಮೇಲೆ ಬೆಳ್ಳಕ್ಕಿಗಳಿದ್ದವು. ಅದರ ಮಾತು ನಾಳೆಗೆ ಎಂದುಕೊಂಡು ಲಾಡ್ಜಿಗೆ ಹೊರಟೆವು.

ಲಾಡ್ಜಿನ ಕೋಣೆಯ ಬಾಗಿಲು ತೆರೆದೊಡನೆ ಕೊಳೆತ ಮೊಟ್ಟೆಯ ನಾತ ಮೂಗಿಗೆ ಹೊಡೆಯಿತು. ರೂಮ್ ಬಾಯ್ ಫಿನಾಯಿಲ್ ತರಲು ಓಡಿದ. ನನ್ನ ಶಿಷ್ಯ ಮಾತ್ರ ಬಚ್ಚಲಿನ ನೆಲದ ಜಾಲರಿಯ ಮೇಲೆ ಎರಡು ಮಗ್ಗು ನೀರು ಸುರಿದು, ಬಾಗಿಲೆಳೆದುಕೊಂಡು, ಕಾಲುಗಂಟೆ ಕಾಯಿರಿ ಎಂದ. ಕಾಲುಗಂಟೆಯಲ್ಲಿ ನಾತ ಅಡಗಿತು. ಬಹುದಿನ ಯಾರೂ ಇಳಿದುಕೊಳ್ಳದ ಕೋಣೆಯಲ್ಲಿ ಟ್ರಾಪಿನ ನೀರು ಆರಿಹೋಗಿತ್ತು, ಅಷ್ಟೇ. ಪೈಪಿನ ಬಾಗಿದ ಹೊಟ್ಟೆಯಲ್ಲಿ ನಿಲ್ಲುವ ಎರಡು ಅಂಗುಲ ನೀರು ಕೊಳಚೆಯ ಗಾಳಿಗೂ ಮನೆಗೂ ನಡುವಿನ ಬಾಗಿಲು. ನಾವು ಅದನ್ನು ವಾಟರ್ ಸೀಲ್ ಎನ್ನುತ್ತೇವೆ. 1596ರಲ್ಲಿ ಇಂಗ್ಲೆಂಡಿನ ಜಾನ್ ಹ್ಯಾರಿಂಗ್ಟನ್ ನೀರು ಹರಿಸಿ ತೊಳೆಯುವ ಶೌಚದ ಪೀಠವನ್ನು ವರ್ಣಿಸಿ ಬರೆದಿದ್ದ, ರಾಣಿಗೂ ಒಂದನ್ನು ಮಾಡಿಸಿಕೊಟ್ಟಿದ್ದ; ಆದರೆ ಆ ಬಾಗು ಇಲ್ಲದ್ದರಿಂದ ಹೋದದ್ದರ ನಾತ ಅದೇ ದಾರಿಯಲ್ಲಿ ಹಿಂದಿರುಗುತ್ತಿತ್ತು. ಬಾಗಿದ ಕೊಳವೆಗೆ 1775ರಲ್ಲಿ ಪೇಟೆಂಟ್ ಪಡೆದ ಅಲೆಕ್ಸಾಂಡರ್ ಕಮ್ಮಿಂಗ್ ವೃತ್ತಿಯಿಂದ ಗಡಿಯಾರ ಮಾಡುವವನು. ಪೈಪನ್ನು ಹಾವಿನಂತೆ ಸ್ವಲ್ಪ ಬಗ್ಗಿಸಿದರೆ ಸಾಕೆಂದು ಹೊಳೆಯಲು ಎರಡು ಶತಮಾನಕ್ಕೆ ಸ್ವಲ್ಪವೇ ಕಡಿಮೆ ಹಿಡಿಯಿತು.

ರಾತ್ರಿ ಊಟವಾದ ಮೇಲೂ ನಾತದ ಮಾತೇ ಮುಂದುವರಿಯಿತು. ರೋಗ ತರುವುದು ಕೆಟ್ಟ ವಾಸನೆಯೇ ಎಂದು ಯೂರೋಪಿನ ವೈದ್ಯರು ಬಹುಕಾಲ ನಂಬಿದ್ದರು. 1854ರಲ್ಲಿ ಜಾನ್ ಸ್ನೋ ಎಂಬ ವೈದ್ಯ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಒಂದೇ ಕೈಪಂಪಿನ ಸುತ್ತ ಕಾಲರಾ ಸಾವುಗಳು ಗುಂಪುಗೂಡಿರುವುದನ್ನು ಲೆಕ್ಕ ಹಾಕಿ ತೋರಿಸಿ, ರೋಗ ಬರುವುದು ಗಾಳಿಯಿಂದಲ್ಲ, ಕುಡಿಯುವ ನೀರಿನಿಂದ ಎಂದ. ಬಹಳ ಮಂದಿ ಒಪ್ಪಲಿಲ್ಲ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ಪಾರ್ಲಿಮೆಂಟಿನ ಕಿಟಕಿಯ ಕೆಳಗೇ ನಾರಿದಾಗ ಮಾತ್ರ ಹಣ ಬಿಡುಗಡೆಯಾಗಿ, ಬಾಜಲ್ಜೆಟ್ ಎಂಬ ಎಂಜಿನಿಯರ್ ನಗರದಡಿಯ ಮಹಾಚರಂಡಿಗಳನ್ನು ಕಟ್ಟಿದ. ನಾತ ಓಡಿಸಲು ಕಟ್ಟಿದ ಚರಂಡಿ ಕಾಲರಾವನ್ನೂ ಓಡಿಸಿತು. ತಪ್ಪು ಕಾರಣಕ್ಕೆ ಮಾಡಿದ ಸರಿಯಾದ ಕೆಲಸ ಎಂದು ನಾನೆಂದರೆ, ಶಿಷ್ಯ, "ಸಾರ್, ಮೂಗು ಮುಚ್ಚಿಕೊಳ್ಳಬೇಕಾಗಿ ಬರೋವರೆಗೆ ನಮಗೂ ಯಾರೂ ಫೋನ್ ಮಾಡಲ್ಲ" ಎಂದು ಮಗ್ಗುಲಾದ.

ಎರಡನೆಯ ದಿನ: ಲಕ್ಷ್ಮೀಸಾಗರ

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಘಟಕಗಳ ಮುಂದಿನ ಮೋರಿಯ ವಾಸನೆ, ಚಿಂತಾಮಣಿಯಲ್ಲಿ ಒಂದು ಒಳ್ಳೆಯ ಕಾಫಿ, ದಾರಿಯುದ್ದಕ್ಕೂ ಹಳ್ಳಿಹಳ್ಳಿಯಲ್ಲಿ ನಾಣ್ಯ ಹಾಕಿದರೆ ಕ್ಯಾನ್ ತುಂಬುವ ಶುದ್ಧ ನೀರಿನ ಘಟಕಗಳು. ಸಾವಿರ ಅಡಿಗೂ ಕೆಳಗಿಳಿದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇರುವುದರಿಂದ ಈ ಸೀಮೆಯ ಜನಕ್ಕೆ ನಲ್ಲಿಯ ನೀರು ಒಂದು, ಕುಡಿಯುವ ನೀರು ಇನ್ನೊಂದು ಆಗಿಹೋಗಿದೆ. ನಮ್ಮ ಪಾವಗಡದ ಕಥೆಯೂ ಇದೇ ಆದ್ದರಿಂದ ಇಬ್ಬರಿಗೂ ಇದು ಹೊಸದೆನ್ನಿಸಲಿಲ್ಲ.

ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಕೋಲಾರ ಸೀಮೆ ಬದುಕಿದ್ದು ಕೆರೆಗಳಿಂದ. ಒಂದರ ಕೋಡಿ ಬಿದ್ದರೆ ಮುಂದಿನದು ತುಂಬುವಂತೆ ಸರಪಣಿಯಾಗಿ ಕಟ್ಟಿದ ಆ ಕೆರೆಗಳ ತೂಬನ್ನು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ನಿರ್ಧರಿಸುತ್ತಿದ್ದವನು ನೀರುಗಂಟಿ. ಇಂದಿನ ಪಟ್ಟಣದ ವಾಲ್ವ್‌ಮನ್ ಅವನ ವಾರಸುದಾರನೇ ಸರಿ. ಬೈಗುಳವನ್ನೂ ಅವನು ಪಿತ್ರಾರ್ಜಿತವಾಗಿ ಪಡೆದಿದ್ದಾನೆ.

ಲಕ್ಷ್ಮೀಸಾಗರ ಕೆರೆಯಲ್ಲಿ ನಾವು ಅರ್ಧ ದಿನ ಕಳೆದೆವು. ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಗಳ ಕೊಳಚೆಯನ್ನು ಎರಡನೆಯ ಹಂತದವರೆಗೆ ಸಂಸ್ಕರಿಸಿ, ಐವತ್ತು ಕಿಲೋಮೀಟರಿಗೂ ಹೆಚ್ಚು ದೂರ ದೊಡ್ಡ ಪೈಪುಗಳಲ್ಲಿ ಪಂಪು ಮಾಡಿ, 2018ರ ಜೂನ್‌ನಲ್ಲಿ ಮೊದಲು ಬಿಟ್ಟದ್ದು ಈ ಕೆರೆಗೆ. ಇಲ್ಲಿಂದ ಮುಂದೆ ಬಹುಮಟ್ಟಿಗೆ ಹಳೆಯ ಕೋಡಿ ಕಾಲುವೆಗಳ ಇಳಿಜಾರಿನಲ್ಲೇ ನೀರು ಕೆರೆಯಿಂದ ಕೆರೆಗೆ ಸಾಗುತ್ತದೆ. ದಿನಕ್ಕೆ 44 ಕೋಟಿ ಲೀಟರ್ ಕೊಡುವುದು, ನೂರಕ್ಕೂ ಹೆಚ್ಚು ಕೆರೆಗಳನ್ನು ತುಂಬಿಸುವುದು, ಆ ಮೂಲಕ ಅಂತರ್ಜಲವನ್ನು ಮೇಲೆತ್ತುವುದು ಕೆ.ಸಿ. ವ್ಯಾಲಿ ಯೋಜನೆಯ ಉದ್ದೇಶ. ನೇರವಾಗಿ ಕುಡಿಯಲು ಈ ನೀರಲ್ಲ. ಬೆಂಗಳೂರು ಬಳಸುವ ಕಾವೇರಿಯಾದರೂ ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು ಐನೂರು ಮೀಟರ್ ಎತ್ತರಕ್ಕೆ ಪಂಪು ಮಾಡಿ ಏರಿಸಿದ್ದು. ಅಂದರೆ ಕೋಲಾರಕ್ಕೂ ಕಾವೇರಿ ಬಂದಳು, ಬೆಂಗಳೂರಿನ ಬಚ್ಚಲುಮನೆಗಳನ್ನು ಹಾದು.

ನೀರು ಬಿಟ್ಟ ಮರುತಿಂಗಳೇ ಕೆರೆಯಲ್ಲಿ ನೊರೆ ಎದ್ದು, ವಿವಾದ ಹೈಕೋರ್ಟಿಗೆ ಹೋಗಿ, ಹರಿವು ನಿಂತು, ಮತ್ತೆ ಸುಪ್ರೀಂ ಕೋರ್ಟಿನವರೆಗೆ ಹೋಗಿ ಬಂದದ್ದು ಎಲ್ಲರಿಗೂ ನೆನಪಿರಬಹುದು. ಮೂರನೆಯ ಹಂತದ ಶುದ್ಧೀಕರಣ ಆಗಲೇಬೇಕೆಂಬುದು ಇಲ್ಲಿಯ ಹೋರಾಟಗಾರರ ಬೇಡಿಕೆ. ಅವರ ಆತಂಕ ಅರ್ಥವಾಗಬೇಕಾದರೆ ಎರಡನೆಯ ಹಂತವೆಂದರೇನೆಂದು ತಿಳಿಯಬೇಕು. ಮೊದಲ ಹಂತದಲ್ಲಿ ತೇಲುವುದನ್ನೂ ಮುಳುಗುವುದನ್ನೂ ತೆಗೆಯುತ್ತಾರೆ. ಎರಡನೆಯದರಲ್ಲಿ ಗಾಳಿ ಊದಿ ಬ್ಯಾಕ್ಟೀರಿಯಾಗಳನ್ನು ಸಾಕಿ, ಅವುಗಳಿಂದಲೇ ಕರಗಿದ ಕೊಳೆಯನ್ನು ತಿನ್ನಿಸಿ, ಹೆಪ್ಪುಗಟ್ಟಿದ ಕೆಸರಿನ ಒಂದು ಭಾಗವನ್ನು ಹೊಸ ಕೊಳಚೆಗೆ ಮತ್ತೆ ಬೆರೆಸುತ್ತಾರೆ. ಹಾಲಿಗೆ ಹೆಪ್ಪು ಹಾಕಿದಂತೆ. 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಈ ವಿಧಾನವನ್ನು ಪ್ರಕಟಿಸಿದರು. ಅವರಿಗೆ ದಾರಿ ತೋರಿದ್ದ ಗಿಲ್ಬರ್ಟ್ ಫೌಲರ್ ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ (ಇಂದಿನ ಭಾರತೀಯ ವಿಜ್ಞಾನ ಸಂಸ್ಥೆ) ಪ್ರಾಧ್ಯಾಪಕರಾಗಿ ಬಂದರು. ಈ ಹಂತ ಮುಗಿದರೂ ಸಾರಜನಕ, ರಂಜಕಗಳು ಬಹುಪಾಲು ಉಳಿಯಬಹುದು. ಅವು ಗದ್ದೆಗೆ ಗೊಬ್ಬರ, ನಿಂತ ಕೆರೆಗೆ ಅಂತರಗಂಗೆ ಕಳೆಯ ಆಹಾರ. ಸಾಬೂನಿನ ಪುಡಿಯ ಉಳಿಕೆ ಸೇರಿದರೆ ನೊರೆ. ಇಂಥ ಉಳಿಕೆಗಳನ್ನು ತೆಗೆಯುವುದೇ ಮೂರನೆಯ ಹಂತ.

ಏರಿಯ ಮೇಲೆ ಎಮ್ಮೆ ಮೇಯಿಸುತ್ತಿದ್ದ ಹಿರಿಯರೊಬ್ಬರನ್ನು ಮಾತಿಗೆಳೆದೆ. ನೀರು ಬೀಳದ ಐದಾರು ಕೊಳವೆಬಾವಿ ಕೊರೆಸಿ ಸಾಲ ಮಾಡಿಕೊಂಡಿದ್ದ ಅವರ ತೋಟದ ಬೋರಿನಲ್ಲಿ ಈಗ ನೀರಿದೆಯಂತೆ. "ಟೊಮೇಟೊ ಬರ್ತೈತೆ ಸಾಮಿ, ಮೀನು ಐತೆ, ಬೋರು ಬದುಕೈತೆ. ಆದರೆ ಮನೆ ಕುಡಿಯೋ ನೀರಿಗೆ ಆ ಬೋರು ಅಂದ್ರೆ ನಮ್ಮ ಮುದುಕಿ ಕೊಡಾನೇ ಇಳಿಸಲ್ಲ" ಎಂದರು. ನೀವೇನು ಹೇಳ್ತೀರಿ ಎಂದರೆ, ಎಮ್ಮೆಯ ಕಡೆ ನೋಡುತ್ತ, "ನಂಗೂ ಮುದುಕೀಗೂ ಒಂದೇ ಮನೆ" ಎಂದು ನಕ್ಕರು. ಈ ಯೋಜನೆಯನ್ನು ಬೈಯುವುದೂ ಹೊಗಳುವುದೂ ಸುಲಭ. ಕೊಳಚೆಯನ್ನು ಬೆಳ್ಳಂದೂರು ಕೆರೆಗೆ ಬಿಟ್ಟು ಕಣ್ಣು ಮುಚ್ಚಿಕೊಳ್ಳುವುದಕ್ಕಿಂತ ಇದು ಮೇಲು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಒಂದು ನಗರ ತನ್ನ ಕೊಳೆಯನ್ನು ತೊಳೆಯುವ ಕೆಲಸದ ಕೊನೆಯ ಹಂತವನ್ನು ಪಕ್ಕದ ಜಿಲ್ಲೆಯ ಮಣ್ಣಿಗೆ ಬಿಟ್ಟುಕೊಟ್ಟಿದ್ದರೆ, ಅದರ ಲೆಕ್ಕವನ್ನು ಆ ಜಿಲ್ಲೆಯವರು ಕೇಳುವುದು ನ್ಯಾಯವೇ.

ರಾತ್ರಿ ಕೋಲಾರದಲ್ಲಿ ಮುದ್ದೆ, ಬಸ್ಸಾರು. ಲಾಡ್ಜಿನಲ್ಲಿ ಟ್ರಾಪು ಸರಿಯಾಗಿತ್ತು.

ಮೂರನೆಯ ದಿನ: ಬೇತಮಂಗಲ, ಕೆಜಿಎಫ್

ಪಾಲಾರ್ ನದಿಗೆ ಅಡ್ಡವಾಗಿರುವ ಬೇತಮಂಗಲದ ಹಳೆಯ ಕೆರೆಯಿಂದ ನೀರೆತ್ತಿ, ಸೋಸಿ, ಚಿನ್ನದ ಗಣಿಯ ಊರಿಗೆ ಪೈಪಿನಲ್ಲಿ ಕಳುಹಿಸುವ ಏರ್ಪಾಡು ಇಪ್ಪತ್ತನೆಯ ಶತಮಾನದ ಆರಂಭದ್ದು. 1902ರಲ್ಲಿ ಶಿವನಸಮುದ್ರದಿಂದ ನೂರ ನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ತಂತಿ ಎಳೆದು ಗಣಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ನೆಲದೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಮನುಷ್ಯನನ್ನು ಇಳಿಸಿ, ಅಲ್ಲಿಗೆ ತಂಪು ಗಾಳಿ ಕಳುಹಿಸಿ, ನೀರನ್ನು ಮೇಲಕ್ಕೆ ಪಂಪು ಮಾಡಿ, ಅವನನ್ನು ಸಂಜೆಗೆ ಮತ್ತೆ ಮೇಲೆತ್ತುವ ಎಂಜಿನಿಯರಿಂಗ್ ಇಲ್ಲಿತ್ತು. ಅದೇ ಊರಿನಲ್ಲಿ ಒಣ ಶೌಚಾಲಯಗಳ ಮಲವನ್ನು 1990ರ ದಶಕದಲ್ಲೂ ಮನುಷ್ಯರು ಪೊರಕೆ, ತಗಡು, ಬಕೆಟ್ಟುಗಳಿಂದ ಎತ್ತಿ ಹೊತ್ತರು. ಪೈಪು ಹಾಕುವ ವಿದ್ಯೆ ತಿಳಿಯದೆ ಇದು ಹೀಗಿತ್ತೆಂದು ನಾನು ನಂಬಲಾರೆ. ಪೈಪಿಗಿಂತ ಅಗ್ಗವಾದ ಮನುಷ್ಯರು ಇದ್ದರು, ಆದ್ದರಿಂದ ಪೈಪು ಬರಲಿಲ್ಲ.

ಬೆಜವಾಡ ವಿಲ್ಸನ್ ಹುಟ್ಟಿದ್ದು ಇಲ್ಲಿಯೇ, 1966ರಲ್ಲಿ, ಇದೇ ಕೆಲಸಕ್ಕೆ ನೂಕಲ್ಪಟ್ಟ ಮನೆತನದಲ್ಲಿ. ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲೇ ಸಚಿವ ಬಿ. ಬಸವಲಿಂಗಪ್ಪನವರು ನಿಷೇಧಿಸಿದ್ದರು, 1993ರಲ್ಲಿ ಕೇಂದ್ರದ ಕಾನೂನೂ ಬಂತು. ಆದರೂ ಒಣ ಶೌಚಾಲಯಗಳು ನಿಂತೇ ಇದ್ದಾಗ ವಿಲ್ಸನ್ ಪತ್ರ ಬರೆದು, ಕಾನೂನಿನ ಮೊರೆ ಹೋಗುವುದಾಗಿ ಎಚ್ಚರಿಸಿ, ತಮ್ಮ ಊರಿನವನ್ನು ನೀರಿನ ಶೌಚಾಲಯಗಳಾಗಿ ಪರಿವರ್ತನೆ ಮಾಡಿಸಲು ದುಡಿದರು. ಅವರೂ ಸೇರಿ ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನ ಸುಪ್ರೀಂ ಕೋರ್ಟಿನವರೆಗೆ ಹೋಯಿತು; ಚರಂಡಿ, ಮಲಗುಂಡಿಗಳಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು 2014ರಲ್ಲಿ ಕೋರ್ಟ್ ಹೇಳಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮುದ್ದೇನಹಳ್ಳಿಯಲ್ಲಿ ಹುಟ್ಟಿದವರೂ ಈ ಊರಿನಲ್ಲಿ ಹುಟ್ಟಿದವರೂ ಒಂದೇ ಕೆಲಸದ ಎರಡು ತುದಿಗಳನ್ನು ಹಿಡಿದವರೆಂದು ನನಗೆ ಅನ್ನಿಸುತ್ತಿತ್ತು; ತರಗತಿಯಲ್ಲಿ ಮೊದಲನೆಯವರ ಹೆಸರನ್ನು ಮಾತ್ರ ಹೇಳುತ್ತಿದ್ದೆನೆಂಬುದೂ ನೆನಪಾಗಿ ಸ್ವಲ್ಪ ಹೊತ್ತು ಮಾತು ಬರಲಿಲ್ಲ.

ಗಣಿ 2001ರಲ್ಲಿ ಮುಚ್ಚಿದೆ. ಸಯನೈಡ್ ದಿಬ್ಬಗಳ ನೆರಳಿನಲ್ಲಿ ಹಳೆಯ ಕ್ವಾರ್ಟರ್ಸ್‌ಗಳ ಸಾಲಿನ ಹಿಂದೆ ಒಂದು ಓಣಿ ಇದೆ. ಮನೆಯೊಂದರ ಹಿಂಗೋಡೆಯಲ್ಲಿ, ನೆಲಕ್ಕೆ ತಾಗಿದಂತೆ, ಒಂದೂವರೆ ಅಡಿಯ ಚೌಕವನ್ನು ಬೇರೆ ಬಣ್ಣದ ಇಟ್ಟಿಗೆಯಿಂದ ಮುಚ್ಚಿದ್ದು ಕಂಡಿತು. ಬಕೆಟ್ಟನ್ನು ಹೊರಗಿನಿಂದ ಎಳೆದುಕೊಳ್ಳುವ ಕಿಂಡಿ. ನಾವು ಬಗ್ಗಿ ನೋಡುತ್ತಿದ್ದುದನ್ನು ಕಂಡು ಆ ಮನೆಯ ಹಿರಿಯ ಹೆಂಗಸೊಬ್ಬರು ಬಂದರು. ವಿಷಯ ತಿಳಿದ ಮೇಲೆ ತಮಿಳು ಬೆರೆತ ಕನ್ನಡದಲ್ಲಿ, "ದಿನಾ ಬೆಳಿಗ್ಗೆ ತಗಡು ಬಾಗಿಲು ಸದ್ದು ಆಗೋದು. ಯಾರು ಅಂತ ಮುಖ ಗೊತ್ತಿಲ್ಲ. ಸದ್ದು ಗೊತ್ತು" ಎಂದರು. ಕುಡಿಯಲು ನೀರು ತಂದುಕೊಟ್ಟರು.

ಈಗಿನ ಶೌಚಾಲಯದ ನೀರು ಎಲ್ಲಿಗೆ ಹೋಗುತ್ತದೆಂದು ಶಿಷ್ಯ ಅಭ್ಯಾಸಬಲದಿಂದ ಕೇಳಿದ. ಹಿತ್ತಲಿನ ಸೆಪ್ಟಿಕ್ ಟ್ಯಾಂಕಿನ ಚಪ್ಪಡಿ ತೋರಿಸಿದರು. ಕಟ್ಟಿಸಿದಂದಿನಿಂದ ತೆಗೆಸಿಲ್ಲ, ಈಚೆಗೆ ನೀರು ನಿಧಾನವಾಗಿ ಇಳಿಯುತ್ತಿದೆ, ಒಬ್ಬ ಹುಡುಗ ಬಂದು ಇಳಿದು ಕ್ಲೀನ್ ಮಾಡ್ತೀನಿ ಅಂದಿದ್ದಾನೆ ಎಂದರು. ನನ್ನ ಶಿಷ್ಯ ಅಷ್ಟು ಗಂಭೀರವಾದದ್ದನ್ನು ನಾನು ತರಗತಿಯಲ್ಲೂ ನೋಡಿರಲಿಲ್ಲ. ಒಳಗಿನ ಅನಿಲ ಮೊದಲು ನಾರುತ್ತದೆ, ಆಮೇಲೆ ಮೂಗನ್ನೇ ಸಾಯಿಸುತ್ತದೆ, ನಾತ ಹೋಯಿತೆಂದು ಇನ್ನೊಂದು ಮೆಟ್ಟಿಲು ಇಳಿದವನು ಮೇಲೆ ಬರುವುದಿಲ್ಲ ಎಂದು ಬಿಡಿಸಿ ಹೇಳಿದ. "ಅಮ್ಮಾ, ಚಪ್ಪಡಿ ತೆಗೆದು ಗಾಡಿ ಪೈಪು ಇಳಿಸಲಿ. ಮನುಷ್ಯನ್ನ ಇಳಿಸಬೇಡಿ" ಎಂದು ನಗರಸಭೆಯಲ್ಲಿ ಯಾವ ಗಾಡಿ ಕೇಳಬೇಕೆಂದು ಒಂದು ಚೀಟಿಯಲ್ಲಿ ಬರೆದುಕೊಟ್ಟ.

ಅವರು ಚೀಟಿಯನ್ನು ಎರಡು ಸಲ ಓದಿ, ಓಣಿಯ ಅಗಲವನ್ನು ಒಮ್ಮೆ ನೋಡಿ, "ಗಾಡಿ ಇಲ್ಲಿ ಒಳಗೆ ಬರುತ್ತಾ ಅಪ್ಪಾ?" ಎಂದು ಕೇಳಿದರು. ಶಿಷ್ಯ ಕಾರಿನಿಂದ ಟೇಪು ತಂದು, ರಸ್ತೆಯ ತುದಿಯಿಂದ ಚಪ್ಪಡಿಯವರೆಗೆ ಅಳೆಯತೊಡಗಿದ. ಇನ್ನೊಂದು ತುದಿಯನ್ನು ನಾನು ಹಿಡಿದುಕೊಂಡೆ.